ಸೊನ್ನೆಯ ಪಕ್ಕದ ಶೀನ್

ತಾವೇ ನಿನ್ನೆ ಕೂತೆದ್ದು ಹೋದ ಕುರ್ಚಿಯನ್ನು ಇವತ್ತು ಕರವಸ್ತ್ರದಿಂದ ಒರೆಸದೆ ಪದ್ಮನಾಭಯ್ಯನವರು ಕೂಡುತ್ತಿರಲಿಲ್ಲ. ಮೊದಲು ಕೂಡುವ ಹಲಗೆ, ಆಮೇಲೆ ಎರಡು ಕೈ, ಕೊನೆಗೆ ಬೆನ್ನು. ಒರೆಸಿದ ಮೇಲೆ ಕರವಸ್ತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೀದರದ ಮಣ್ಣು ಕೆಂಪು, ಬಿಳಿ ಬಟ್ಟೆಗೆ ಹತ್ತದೆ ಬಿಡುವುದಿಲ್ಲ. ಆ ಕೆಂಪನ್ನು ಅವರ ಕೈಕೆಳಗೆ ಕೆಲಸಕ್ಕಿದ್ದ ನಮ್ಮಿಬ್ಬರಿಗೂ ಕಾಣುವಂತೆ ಒಂದು ಗಳಿಗೆ ಹಿಡಿದಿದ್ದು, "ಏನು ಊರಪ್ಪಾ ಇದು" ಎಂದು ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದರು. ಎರಡು ವರ್ಷ, ರಜೆ ಬಿಟ್ಟು ಪ್ರತಿ ಮುಂಜಾನೆ, ಒಬ್ಬ ಮನುಷ್ಯ ನನ್ನ ಊರನ್ನು ಮಡಚಿ ಜೇಬಿಗೆ ಹಾಕಿಕೊಳ್ಳುವುದನ್ನು ನಾನು ನಿಂತು ನೋಡಿದ್ದೇನೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಬದುಕಿದ್ದಾಗ ಆಡಲು ನನಗೆ ಧೈರ್ಯವಿರಲಿಲ್ಲ. ಸತ್ತ ಮೇಲೆ ಆಡಬಾರದು ಎಂದರೆ ಇನ್ನು ಯಾವಾಗ ಆಡುವುದು? ನನಗೂ ಎಂಬತ್ತು ದಾಟಿದೆ. ಹಲ್ಲು ಹೋಗಿವೆ, ನಾಲಗೆ ಇನ್ನೂ ಇದೆ. ಆಡಿಯೇ ಬಿಡುತ್ತೇನೆ.

ಬೀದರ ಜಿಲ್ಲೆ ಹೈದರಾಬಾದಿನಿಂದ ಕಳಚಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಬಂದೋಬಸ್ತ್ ಇಲಾಖೆಯಲ್ಲಿ, ಅಂದರೆ ಜಮೀನು ಸರ್ವೆಯಲ್ಲಿದ್ದೆ. ಹೊಲ ಅಳೆದು ನಕ್ಷೆ ಮಾಡುವವರ ಲೆಕ್ಕ ತಾಳೆ ನೋಡುವುದು ನನ್ನ ಕೆಲಸ. ಓದಿದ್ದು ಉರ್ದುವಿನಲ್ಲಿ, ಗಣಿತ ಕಲಿತದ್ದೂ ಉರ್ದುವಿನಲ್ಲಿ. ತ್ರಿಕೋನ ನನಗೆ ಮುಸಲ್ಲಸ್, ಕೋನ ನನಗೆ ಝಾವಿಯಾ, ಸೊನ್ನೆ ಸಿಫರ್. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಒಂದು ದಿನ ಕಚೇರಿಯ ಬೋರ್ಡು ಬದಲಾಯಿತು, ನಮ್ಮ ಹೆಸರುಗಳೆಲ್ಲ ಹಂಗಾಮಿ ಪಟ್ಟಿಯಲ್ಲಿ ಬಂದವು. ಯಾರಿಗೆ ಎಲ್ಲಿ ಕೆಲಸ, ಯಾರಿಗೆ ಇಲ್ಲವೇ ಇಲ್ಲ ಎಂಬುದು ಯಾರಿಗೂ ತಿಳಿಯದು.

ಅದೇ ವರ್ಷ ಭಾಲ್ಕಿಯ ಶಾಂತಾಳ ಜೊತೆ ನನ್ನ ಮದುವೆಯಾಗಿತ್ತು. ಆಗಿತ್ತು ಎಂದರೆ ಅಕ್ಷತೆ ಬಿದ್ದಿತ್ತು, ಅಷ್ಟೇ. ಮಾವನವರು ಮಗಳನ್ನು ಕಳಿಸಲಿಲ್ಲ. "ಹಂಗಾಮಿ ಅಳಿಯಗ ಮನಿ ಯಾಕ ಬೇಕ್ರಿ? ಖಾಯಂ ಆಗಲಿ, ನಾನೇ ತಂದು ಬಿಡ್ತೇನಿ" ಎಂದರು. ಹೀಗಾಗಿ ಪ್ರತಿ ಭಾನುವಾರ ಬೀದರದಿಂದ ರೈಲು ಹತ್ತಿ ಭಾಲ್ಕಿಗೆ ಹೋಗಿ, ನನ್ನ ಹೆಂಡತಿ ಬಡಿಸಿದ ಊಟವನ್ನು ಅತಿಥಿಯ ಹಾಗೆ ಉಂಡು, ಸಂಜೆಯ ಗಾಡಿಗೆ ತಿರುಗಿ ಬರುತ್ತಿದ್ದೆ. ಖಾಯಂ ಎಂಬ ಒಂದು ಶಬ್ದಕ್ಕಾಗಿ ನಾನು ಆಗ ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿಯೂ ಬಿಟ್ಟೆ.

ಪದ್ಮನಾಭಯ್ಯನವರು ಮೈಸೂರ ಕಡೆಯವರು, ಪರದೇಶದಲ್ಲಿ ವಿಜ್ಞಾನ ಓದಿ ಡಾಕ್ಟರ್ ಆದವರು. ದೂರದ ಪಟ್ಟಣದ ಒಂದು ಸರ್ಕಾರಿ ಕಚೇರಿ ಅವರಿಗೆ ಒಂದು ಕೆಲಸ ಒಪ್ಪಿಸಿತ್ತು. ರೇಡಾರ್ ಬಿಟ್ಟ ಅಲೆ ಒಂದು ವಿಮಾನಕ್ಕೆ ಬಡಿದರೆ ಯಾವ ದಿಕ್ಕಿಗೆ ಎಷ್ಟು ತಿರುಗಿ ಬರುತ್ತದೆ ಎಂದು ವಿಮಾನ ಹಾರಿಸದೆ, ಕೂತಲ್ಲೇ ಲೆಕ್ಕ ಹಾಕಿ ಹೇಳಬೇಕು. ಅಂಥ ಕೆಲಸಕ್ಕೆ ಬೀದರವೇ ಯಾಕೆ ಎಂದರೆ, ಊರ ಹೊರಗೆ ಹಳೆಯ ವಿಮಾನ ಮೈದಾನವಿತ್ತು ಎನ್ನುತ್ತಿದ್ದರು. ಉಳಿದ ಎಲ್ಲಾ ಊರುಗಳಲ್ಲಿ ಅವರು ಜಗಳ ಮಾಡಿಕೊಂಡಿದ್ದರು ಎಂದು ನನ್ನ ಗುಮಾನಿ. ಚಿದ್ರಿಯ ಕಡೆ ಹೋಗುವ ದಾರಿಯಲ್ಲಿ ನಿಜಾಮನ ಕಾಲದ ಒಂದು ಸುಂಕದ ಕಟ್ಟೆ ಖಾಲಿ ಬಿದ್ದಿತ್ತು. ಸುಂಕವೇ ಇಲ್ಲದ ಮೇಲೆ ಕಟ್ಟೆ ಯಾತಕ್ಕೆ? ಅದರ ಎರಡು ಕೋಣೆಗಳನ್ನು ಅವರಿಗೆ ಕೊಟ್ಟರು. ಹಂಗಾಮಿ ಪಟ್ಟಿಯಿಂದ ಗಣಿತ ಬಲ್ಲ ಇಬ್ಬರನ್ನೂ ಕೊಟ್ಟರು. ಒಬ್ಬ ನಾನು, ಇನ್ನೊಬ್ಬ ಹಲಬರ್ಗಾದ ತುಕಾರಾಮ. ವರ್ಷ ಎರಡಾದ ಮೇಲೆ ಡಾಕ್ಟರು ನಮ್ಮ ಬಗ್ಗೆ ಒಂದು ಗೋಪ್ಯ ಪತ್ರ ಬರೆಯುತ್ತಾರೆ, ಅದರ ಮೇಲೆ ಖಾಯಂ ಎಂದು ಮೊದಲ ದಿನವೇ ಹೇಳಿದ್ದರು.

ಕೆಲಸ ನನಗೆ ಹೊಸದೆನಿಸಲಿಲ್ಲ. ಓರೆಕೋರೆ ಹೊಲವನ್ನು ತ್ರಿಕೋನಗಳಾಗಿ ಒಡೆದು ಅಳೆಯುವುದು ಬಂದೋಬಸ್ತಿನ ಪದ್ಧತಿ. ಇಲ್ಲಿ ಹೊಲದ ಬದಲು ವಿಮಾನ. ಅದರ ಮೈಯನ್ನು ಕಾಗದದ ಮೇಲೆ ಸಣ್ಣ ಸಣ್ಣ ತ್ರಿಕೋನಗಳಾಗಿ ಕತ್ತರಿಸುವುದು. ರೇಡಾರಿನ ಈ ಅಲೆ ಬಹಳ ಗಿಡ್ಡದು, ದೊಡ್ಡ ವಸ್ತುವಿನ ಮುಂದೆ ಅದು ಹೆಚ್ಚುಕಡಿಮೆ ಬೆಳಕಿನ ಹಾಗೆಯೇ ನಡೆದುಕೊಳ್ಳುತ್ತದೆ. ಆದ್ದರಿಂದ ಒಂದೊಂದು ತ್ರಿಕೋನವನ್ನೂ ಒಂದೊಂದು ಕನ್ನಡಿಯ ಚೂರು ಎಂದುಕೊಂಡು, ಅದು ಎತ್ತ ಮುಖ ಮಾಡಿದೆ, ಅಲೆಯನ್ನು ಎತ್ತ ತಿರುಗಿಸುತ್ತದೆ ಎಂದು ಲಾಗರಿದಮ್ಮಿನ ಕೋಷ್ಟಕಗಳ ಲಾಗ್ ಪುಸ್ತಕ ಇಟ್ಟುಕೊಂಡು ಲೆಕ್ಕ ಹಾಕಬೇಕು. ಕೊನೆಗೆ ಎಲ್ಲವನ್ನೂ ಕೂಡಬೇಕು. ಒಂದು ದಿಕ್ಕಿನ ಒಂದು ಅಂಕಿಗೆ ನಮಗೆ ನಾಲ್ಕು ದಿನ ಹಿಡಿಯುತ್ತಿತ್ತು. ಈಗ ಯಂತ್ರಗಳು ಇದನ್ನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಾಡುತ್ತವಂತೆ, ಮಾಡಲಿ. ಆ ಯಂತ್ರಕ್ಕೆ ಪದ್ಮನಾಭಯ್ಯನವರ ಬಾಯಿ ಕೇಳುವ ಕರ್ಮ ಇಲ್ಲ.

ಆ ಬಾಯಿಯ ಬಗ್ಗೆ ಹೇಳಬೇಕು. ಅವರು ಬೈಯುತ್ತಿರಲಿಲ್ಲ. ಬೈದರೆ ನಾವು ಬೈಸಿಕೊಂಡು ಚಹಾ ಕುಡಿಯುತ್ತಿದ್ದೆವು. ಅವರು ನಿಟ್ಟುಸಿರು ಬಿಡುತ್ತಿದ್ದರು. ನಾವು ಬರೆದ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಒಂದು ಉದ್ದ ಉಸಿರು ಬಿಟ್ಟು, "ಇರಲಿ, ನಿಮ್ಮ ಕಡೆ ಇಷ್ಟೇ ತಾನೇ" ಎನ್ನುತ್ತಿದ್ದರು. ಅಂಕಿ ಸರಿಯಿದ್ದರೂ ಅದೇ ಮಾತು, ತಪ್ಪಿದ್ದರೂ ಅದೇ ಮಾತು. ನಮ್ಮ ಮಡಕೆಯ ನೀರು ಎರಡು ವರ್ಷದಲ್ಲಿ ಒಂದು ಸಲವೂ ಮುಟ್ಟಲಿಲ್ಲ. ಮನೆಯಿಂದ ಹಿತ್ತಾಳೆಯ ಕೂಜದಲ್ಲಿ ತಂದದ್ದನ್ನು ಗೋಡೆಗೆ ಮುಖ ಮಾಡಿ ಕುಡಿಯುತ್ತಿದ್ದರು. ಮಳೆ ಇರಲಿ ಬಿಡಲಿ ಬಗಲಲ್ಲಿ ಒಂದು ಕೊಡೆ. ಅಲ್ಪನಿಗೆ ಐಶ್ವರ್ಯ ಬಂದ ಗಾದೆಯನ್ನು ತುಕಾರಾಮ ಆ ಕೊಡೆ ನೋಡಿದಾಗಲೆಲ್ಲ ನನ್ನ ಕಿವಿಯಲ್ಲಿ ಹೇಳುತ್ತಿದ್ದ. ನಾವು ನಗು ನುಂಗಿಕೊಂಡು ಲಾಗ್ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆವು.

ಸಂಜೆ ಐದು ಹೊಡೆದ ತಕ್ಷಣ ಕೊಡೆ ಹಿಡಿದು ಬಾಗಿಲಲ್ಲಿ ನಿಂತು, ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಸಂದೇಹ ಏನಾದರೂ ಇದೆಯೇ?"

ನಾವು ಎದ್ದು ನಿಂತು, "ಏನಿಲ್ರಿ ಸರ" ಎನ್ನುತ್ತಿದ್ದೆವು. ಅವರು ಹೋಗುತ್ತಿದ್ದರು.

ಏನಿಲ್ರಿ ಎನ್ನುವುದನ್ನು ನಮಗೆ ಕಲಿಸಿದವರೂ ಅವರೇ. ಮೊದಲ ವಾರದಲ್ಲಿ ತುಕಾರಾಮ ನಿಜವಾಗಿಯೂ ಒಂದು ಸಂದೇಹ ಕೇಳಿದ್ದ. ಅವನು ಗಟ್ಟಿ ಮನುಷ್ಯ, ಹೊಲದಲ್ಲಿ ದುಡಿದು ಓದಿದವನು, ಸಂಕೋಚ ಕಡಿಮೆ.

"ಸರ, ಒಂದು ಕೇಳ್ತೇನ್ರಿ. ಎರಡು ಮುಸಲ್ಲಸ್ ಕೂಡೋ ಕಿನಾರಿ ಇರ್ತದಲ್ರಿ, ಸರೀ ಅದರ ಮ್ಯಾಲೇ ಬಿದ್ದ ಕಿರಣ ಎತ್ತಾಗ ಹೋಗ್ತದ್ರಿ? ಯಾವ ಝಾವಿಯಾ ಹಿಡೀಬೇಕು? ಈ ಕಡಿದಾ, ಆ ಕಡಿದಾ?"

ಪದ್ಮನಾಭಯ್ಯನವರು ಉದ್ದ ಉಸಿರು ಬಿಟ್ಟರು. "ಮುಸಲ್ಲಸ್ ಅಂದರೆ ಏನ್ರೀ? ಝಾವಿಯಾ ಅಂದರೆ ಯಾವ ತಿಂಡಿ? ಮೊದಲು ಭಾಷೆ ಕಲಿಯಿರಿ. ಕಿರಣದ ಚಿಂತೆ ಆಮೇಲೆ." ಎಂದು, ಹಳೆಯ ಲೆಕ್ಕದ ಹಾಳೆಗಳ ಬೆನ್ನಿಗೆ ಕೋನ, ಕೋನ ಎಂದು ನೂರು ಸಲ ಬರೆಸಿದರು. ಇಪ್ಪತ್ತೆಂಟು ವರ್ಷದ ಗಂಡಸು, ಇಬ್ಬರು ಮಕ್ಕಳ ತಂದೆ, ತಲೆ ತಗ್ಗಿಸಿ ಕೂತು ಬರೆದ. ನಾನು ಪಕ್ಕದಲ್ಲೇ ಕೂತು ನೋಡಿದೆ. ಮುಗಿಸಿ ಹಾಳೆ ಕೊಟ್ಟಾಗ ಅವರು ಎಣಿಸಿದರು. ಎಣಿಸಿದರು ಎಂಬುದನ್ನು ನಾನು ಇವತ್ತಿಗೂ ಮರೆತಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಕೊಡಲಿಲ್ಲ. ಅಂದಿನಿಂದ ಸಂಜೆ ಐದಕ್ಕೆ ನಮ್ಮಿಬ್ಬರಿಗೂ ಯಾವ ಸಂದೇಹವೂ ಉಳಿಯಲಿಲ್ಲ.

ಕಾಗದದ ಲೆಕ್ಕವನ್ನು ತಾಳೆ ನೋಡಲು ಅವರು ಒಂದು ಉಪಾಯ ಮಾಡಿದ್ದರು. ಆ ಅಲೆ ಬೆಳಕಿನ ಹಾಗೆ ನಡೆಯುವುದಾದರೆ, ಚಿಕ್ಕ ವಿಮಾನದ ಮೇಲೆ ಬೆಳಕು ಬಿಟ್ಟೇ ನೋಡಬಹುದಲ್ಲ. ಉಪಾಯ ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಮೊಳದುದ್ದದ ಲೋಹದ ವಿಮಾನ ಬೇಕು, ಮೈಯೆಲ್ಲ ಕನ್ನಡಿಯಂತೆ ಹೊಳೆಯಬೇಕು. ಅಷ್ಟು ನಾಜೂಕಾಗಿ ಎರಕ ಹೊಯ್ಯುವವರು ಬೀದರದಲ್ಲಿ ಬಿದರಿ ಕೆಲಸದವರಲ್ಲದೆ ಇನ್ಯಾರು? ನಾನು ಖಾದರಸಾಬರ ಅಂಗಡಿಗೆ ಕರೆದುಕೊಂಡು ಹೋದೆ. ಮುದುಕರಾದ ಖಾದರಸಾಬರು ಹೂಜಿ, ಹುಕ್ಕಾದ ಬುಡ, ಪಾನದಾನಿ ಮಾಡುವ ಮನೆತನದವರು. ನಕ್ಷೆಯನ್ನು ತಿರುವಿ ಮುರುವಿ ನೋಡಿ, "ಇದರಾಗ ಪಾನ್ ಎಲ್ಲಿ ಇಡ್ತಾರ್ರಿ?" ಎಂದು ಕೇಳಿದರು. ಪದ್ಮನಾಭಯ್ಯನವರು ನಗಲಿಲ್ಲ.

ತಿಂಗಳ ಮೇಲೆ ಖಾದರಸಾಬರು ಮಾಲನ್ನು ಬಟ್ಟೆಯಲ್ಲಿ ಸುತ್ತಿ ತಾವೇ ತಂದರು. ಬಿಚ್ಚಿದರೆ ವಿಮಾನ ಕಪ್ಪಗಿದೆ. ಕೋಟೆಯ ಮಣ್ಣು, ನವಸಾಗರ ಕಲಸಿ ಕುದಿಸಿ ಬಿದರಿ ಪಾತ್ರೆಯನ್ನು ಹೇಗೆ ಕರಿ ಮಾಡುತ್ತಾರೋ ಹಾಗೆ ಮಾಡಿದ್ದಾರೆ. ಸಾಲದ್ದಕ್ಕೆ ರೆಕ್ಕೆಯ ಅಂಚು, ಬಾಲದ ಅಂಚು, ಎಲ್ಲಿ ಎರಡು ಮೈ ಕೂಡುತ್ತವೋ ಅಲ್ಲೆಲ್ಲ ಕೂದಲೆಳೆಯಂಥ ಬೆಳ್ಳಿಯ ತಂತಿ ಕೂಡಿಸಿದ್ದಾರೆ.

"ಏನ್ರೀ ಇದು? ಹೂದಾನಿ ಕೇಳಿದ್ದೆನೇ ನಾನು?" ಎಂದರು ಪದ್ಮನಾಭಯ್ಯನವರು.

"ಸಾಬ್, ಕರಿ ಮಾಡದ ಮಾಲು ನಮ್ಮ ಅಂಗಡಿ ದಾಟಿಲ್ರಿ. ನಮ್ಮ ಅಜ್ಜನ ಕಾಲಕ್ಕೂ ದಾಟಿಲ್ಲ. ಕಿನಾರಿಗೆ ತಾರ ಹಾಕದಿದ್ರ ಮಾಲು ನಂಗಾ, ಬತ್ತಲಿ ಕಾಣ್ತದ್ರಿ." ಖಾದರಸಾಬರು ಇದನ್ನು ತಪ್ಪೊಪ್ಪಿಗೆಯ ಹಾಗೆ ಹೇಳಲಿಲ್ಲ, ತಿಳಿಯದವರಿಗೆ ತಿಳಿಸುವ ಹಾಗೆ ಹೇಳಿದರು. ಹೊಳೆಯಬೇಕು ಎಂದು ಹತ್ತು ಸಲ ಹೇಳಿದ್ದೆವು. ಆದರೆ ಅವರ ಕೈ ಅಂಥ ಅಪೂರ್ಣ ಮಾಲನ್ನು ಹೊರಗೆ ಬಿಡಲು ಒಪ್ಪಿರಲಿಲ್ಲ.

ಪದ್ಮನಾಭಯ್ಯನವರು ಉದ್ದ ಉಸಿರು ಬಿಟ್ಟು, "ಇರಲಿ, ನಿಮ್ಮ ಕಡೆ ಇಷ್ಟೇ ತಾನೇ" ಎಂದರು. ಆ ಮುದುಕರ ಎದುರಿಗೇ ವಿಮಾನವನ್ನು ಕಾಗದದ ಕಟ್ಟುಗಳ ಮೇಲೆ ಭಾರಕ್ಕೆ ಇಟ್ಟರು. ಇನ್ನೊಂದು ಮಾಡಿಸಿಕೊಂಡರು, ಕರಿಯಿಲ್ಲದ, ತಂತಿಯಿಲ್ಲದ, ಹೊಳೆಯುವ ಬಿಳಿಯದು. ಖಾದರಸಾಬರು ಅದನ್ನು ಮಾಡಿ ಕೊಟ್ಟರು, ಅಡಿಯಲ್ಲಿ ತಮ್ಮ ಮನೆತನದ ಗುರುತು ಮಾತ್ರ ಹಾಕಲಿಲ್ಲ.

ಬಿಳಿ ವಿಮಾನ ನಮ್ಮ ಲೆಕ್ಕಕ್ಕೆ ಸರಿಯಾಗಿ ತಾಳೆಯಾಯಿತು. ಯಾವ ದಿಕ್ಕಿಗೆ ಮೈಯ ಯಾವುದಾದರೂ ಭಾಗ ಮುಖ ಮಾಡಿದೆಯೋ ಅಲ್ಲಿ ಕಣ್ಣು ಕೋರೈಸುವ ಬೆಳಕು. ಯಾವ ದಿಕ್ಕಿಗೆ ಯಾವ ಭಾಗವೂ ಮುಖ ಮಾಡಿಲ್ಲವೋ ಅಲ್ಲಿ ಕತ್ತಲೆ, ನಮ್ಮ ಪಟ್ಟಿಯಲ್ಲೂ ಸಿಫರ್. ಅಂಥ ಮೂವತ್ತೇಳು ಸಿಫರುಗಳು ಬಂದವು. ಆ ದಿಕ್ಕುಗಳಿಂದ ನೋಡಿದರೆ ವಿಮಾನ ರೇಡಾರಿಗೆ ಕಾಣುವುದೇ ಇಲ್ಲ ಎಂದು ಅರ್ಥ. ಪದ್ಮನಾಭಯ್ಯನವರು ಆ ವಾರ ಎರಡು ಸಲ ಮುಗುಳ್ನಕ್ಕರು.

ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋಗಿದ್ದರು. ಬೆಳಕಿನ ಕೋಣೆಯ ಕಿಟಕಿಗಳಿಗೆ ಕಂಬಳಿ ಹೊದಿಸಿಯೇ ಇತ್ತು. ಕಾಗದದ ಕಟ್ಟಿನ ಮೇಲಿನ ಕಪ್ಪು ವಿಮಾನವನ್ನು ಎತ್ತಿ, ಹಾಗೇ ಸುಮ್ಮನೆ, ತಿರುಗುವ ಹಲಗೆಯ ಮೇಲೆ ಇಟ್ಟು ದೀಪ ಹಚ್ಚಿದೆ. ಮೈ ಸತ್ತಂತಿತ್ತು, ಕಪ್ಪು ಎಲ್ಲವನ್ನೂ ನುಂಗಿತ್ತು. ಹಲಗೆಯನ್ನು ತಿರುಗಿಸುತ್ತ ಒಂದು ಸಿಫರಿನ ದಿಕ್ಕಿಗೆ ತಂದೆ. ರೆಕ್ಕೆಯ ಅಂಚು ಮಿನುಗಿತು. ಇನ್ನೊಂದು ಸಿಫರಿಗೆ ತಿರುಗಿಸಿದೆ, ಬಾಲದ ಅಂಚು. ಬೆಳಕು ಸಣ್ಣದು, ಇಳಕಲ್ ಸೀರೆಯ ದಡಿಯ ಒಂದು ಎಳೆಯಷ್ಟು. ಆದರೆ ಇತ್ತು. ನಾನು ಹಲಗೆಯ ಮುಂದೆ ಮೊಣಕಾಲೂರಿ ಕೂತುಬಿಟ್ಟೆ. ಮೈ ಹೊಳೆಯುವಾಗ ಕಾಣದಿದ್ದದ್ದು ಮೈ ಸತ್ತ ಮೇಲೆ ಕಾಣುತ್ತಿದೆ. ಅಂಚೂ ಅಲೆಯನ್ನು ತಿರುಗಿಸಬಹುದು, ನಾವು ತ್ರಿಕೋನಗಳನ್ನು ಎಣಿಸಿದ್ದೇವೆ, ಅಂಚುಗಳನ್ನು ಎಣಿಸಿಯೇ ಇಲ್ಲ. ತುಕಾರಾಮ ಮೊದಲ ವಾರ ಕೇಳಿದ್ದೂ ಇದನ್ನೇ.

ಅವನನ್ನು ಕರೆದು ತೋರಿಸಿದೆ. ಅವನು ಬಹಳ ಹೊತ್ತು ನೋಡಿದ.

"ಹೇಳು ಹೋಗು" ಎಂದ.

"ನೀನೇ ಹೇಳು. ಪ್ರಶ್ನೆ ನಿಂದು."

"ನಾ ನೂರು ಸಲ ಬರದೀನಪ. ಈಗ ನಿಂದು ಪಾಳಿ."

ಗೋಪ್ಯ ಪತ್ರ ಬರೆಯುವ ತಿಂಗಳು ಅದು. ಹಿಂದಿನ ಭಾನುವಾರ ಶಾಂತಾ ಬಡಿಸುತ್ತ, ತನ್ನ ಅಪ್ಪನಿಗೆ ಕೇಳದ ಹಾಗೆ, "ಇನ್ನೊಂದು ತಿಂಗಳಲ್ರಿ?" ಎಂದು ಕೇಳಿದ್ದಳು. ಸಂಜೆ ಐದಕ್ಕೆ ಪದ್ಮನಾಭಯ್ಯನವರು ಕೊಡೆ ಹಿಡಿದು ನಿಂತು ಸಂದೇಹ ಏನಾದರೂ ಇದೆಯೇ ಎಂದರು. ನಾನು ಎದ್ದು ನಿಂತು, ಏನಿಲ್ರಿ ಸರ ಎಂದೆ. ತುಕಾರಾಮ ನನ್ನ ಕಡೆ ನೋಡಲಿಲ್ಲ.

ಅಂತಿಮ ಪಟ್ಟಿಯನ್ನು ನಕಲು ಮಾಡುವ ಕೆಲಸ ನನ್ನದು. ಬಂದೋಬಸ್ತಿನಲ್ಲಿ ನಮಗೊಂದು ರೂಢಿಯಿತ್ತು. ಯಾವುದಾದರೂ ಅಳತೆಯ ಮೇಲೆ ಅನುಮಾನ ಬಂದರೆ, ಅದರ ಪಕ್ಕ ಉರ್ದುವಿನ ಶೀನ್ ಅಕ್ಷರವನ್ನು ಸಣ್ಣಗೆ ಹಾಕಬೇಕು. ಶಕ್ ಎಂಬುದರ ಮೊದಲ ಅಕ್ಷರ ಅದು. ಶಕ್ ಎಂದರೆ ಸಂಶಯ. ಮೇಲಿನ ಸಾಹೇಬರು ಅದನ್ನು ನೋಡಿ ಮತ್ತೆ ಸರಪಳಿ ಹಿಡಿಸಿ ಅಳೆಸುತ್ತಿದ್ದರು. ಆರು ವರ್ಷ ಹಾಕಿದ ಕೈ ಅದು. ಪಟ್ಟಿ ಮುಗಿಸಿ ನೋಡುತ್ತೇನೆ, ಮೂವತ್ತೇಳು ಸಿಫರುಗಳ ಪಕ್ಕದಲ್ಲೂ ಪೆನ್ಸಿಲಿನ ಶೀನ್ ಕೂತಿದೆ, ತಲೆಯ ಮೇಲೆ ಮೂರು ಚುಕ್ಕಿ. ರಬ್ಬರು ಕೈಯಲ್ಲೇ ಇತ್ತು. ಅಳಿಸಲಿಲ್ಲ. ಅವರಿಗೆ ಉರ್ದು ಬಾರದು. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು ಎಂದುಕೊಂಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪಟ್ಟಿಯ ಕೆಳಗೆ 'ಪರಿಶೀಲಿಸಿದೆ, ಸರಿಯಿದೆ' ಎಂಬ ಸಾಲಿತ್ತು. ಅವರು ತಮ್ಮ ಪೆನ್ನು ಕೊಟ್ಟರು, ನಾನು ಸಹಿ ಮಾಡಿದೆ. ಪೆನ್ನನ್ನು ಇಸಿದುಕೊಂಡು ಒರೆಸಿದರು.

ಪಟ್ಟಿಯ ಬೆರಳಚ್ಚು ಪ್ರತಿ ದೂರದ ಕಚೇರಿಗೆ ಹೋಯಿತು, ನನ್ನ ಕೈಬರಹದ್ದು ಇಲ್ಲೇ ಉಳಿಯಿತು. ಎರಡು ತಿಂಗಳಾದರೂ ಗೋಪ್ಯ ಪತ್ರದ ಸುದ್ದಿಯಿಲ್ಲ. ಆಮೇಲೆ ಒಂದು ದಿನ ದೂರದ ಕಚೇರಿಯಿಂದ ಉತ್ತರ ಬಂತು. ಅಲ್ಲಿಯವರು ನಿಜವಾದ ವಿಮಾನ ಹಾರಿಸಿ ಅಳೆದಿದ್ದರು. ದೊಡ್ಡ ಅಂಕಿಗಳೆಲ್ಲ ಸರಿ, ಸಿಫರುಗಳು ಮಾತ್ರ ಒಂದೂ ಸಿಫರಲ್ಲ.

ಪದ್ಮನಾಭಯ್ಯನವರು ಅಂದು ಕುರ್ಚಿ ಒರೆಸಲಿಲ್ಲ. ನನ್ನ ಕೈಬರಹದ ಪಟ್ಟಿಯನ್ನು ತೆಗೆದು ಕೂತರು, ಮಧ್ಯಾಹ್ನ ಅದನ್ನು ಹಿಡಿದುಕೊಂಡು ಎಲ್ಲಿಗೋ ಹೋದರು. ತಹಸೀಲಿನಲ್ಲಿ ಉರ್ದು ಬಲ್ಲ ಹಳೆಯ ಗುಮಾಸ್ತರೊಬ್ಬರ ಹತ್ತಿರ ಎಂದು ಆಮೇಲೆ ತಿಳಿಯಿತು. ಬಂದು ನನ್ನನ್ನು ಕರೆದರು.

"ಇದೇನ್ರೀ ಇಲ್ಲಿ?"

"ನೊಣ ಕೂತಿರಬೇಕ್ರಿ ಸರ."

"ಮೂವತ್ತೇಳು ನೊಣ. ಎಲ್ಲವೂ ಹುಡುಕಿಕೊಂಡು ಬಂದು ಸೊನ್ನೆಯ ಪಕ್ಕದಲ್ಲೇ ಕೂತವು." ಈ ಸಲ ನಿಟ್ಟುಸಿರು ಬಿಡಲಿಲ್ಲ. "ಪಕ್ಕದಲ್ಲಿ ಸಂದೇಹ ಅಂತ ಬರೆದಿದ್ದೀರಿ. ಕೆಳಗೆ ಸರಿಯಿದೆ ಅಂತ ಸಹಿ ಹಾಕಿದ್ದೀರಿ. ಎರಡೂ ನಿಮ್ಮದೇ ಕೈ. ದಿನಾ ಕೇಳಿದೆನಲ್ಲರೀ ನಾನು? ಬಾಗಿಲಲ್ಲಿ ನಿಂತು ದಿನಾ ಕೇಳಿದೆ."

ತುಕಾರಾಮ ಕೇಳಿದ್ದಕ್ಕೆ ಏನು ಮಾಡಿದಿರಿ ಎಂದು ಹೇಳಲು ಬಾಯಿ ತೆರೆದೆ. ಖಾಯಂ ಇನ್ನೂ ಸಿಗಬಹುದು ಎಂಬ ಆಸೆ ಆಗಲೂ ಇತ್ತು ನೋಡಿ. ನೆಲ ನೋಡುತ್ತ ನಿಂತೆ.

ಗೋಪ್ಯ ಪತ್ರ ಹೋಯಿತು. ಅದರಲ್ಲಿ ಬರೆದದ್ದನ್ನು ಜಿಲ್ಲಾ ಕಚೇರಿಯ ಪರಿಚಯದವರೊಬ್ಬರು ನನಗೆ ಓದಿ ಹೇಳಿದರು. ನನ್ನ ಹೆಸರಿನ ಮುಂದೆ ಎರಡೇ ಸಾಲು: 'ಲೆಕ್ಕದಲ್ಲಿ ಇವರನ್ನು ಮೀರಿಸುವವರಿಲ್ಲ. ತಪ್ಪೆಂದು ತಿಳಿದೂ ಸಹಿ ಮಾಡುವವರಾದ್ದರಿಂದ ಈ ಕೆಲಸಕ್ಕೆ ತಕ್ಕವರಲ್ಲ.' ತುಕಾರಾಮನ ಹೆಸರಿನ ಮುಂದೆ ಒಂದು ಸಾಲು: 'ಮೊದಲ ವಾರದಲ್ಲೇ ಸರಿಯಾದ ಪ್ರಶ್ನೆ ಕೇಳಿದವರು, ಖಾಯಂ ಮಾಡಬಹುದು.' ನೋಡಿ ಆ ಮನುಷ್ಯನ ನಡತೆ. ಪ್ರಶ್ನೆ ನೆನಪಿದೆ, ಕೇಳಿದವನಿಗೆ ಮಾಡಿದ್ದೂ ನೆನಪಿರಲೇಬೇಕು. ಕಾಗದದ ಮೇಲೆ ಹೊಗಳಿದರು, ಮುಖ ನೋಡಿ ತಪ್ಪಾಯಿತು ಎಂಬ ಒಂದು ಮಾತು ಹೇಳಲಿಲ್ಲ. ತುಕಾರಾಮ ಆಮೇಲೆ ಅವರ ಜೊತೆ ಕಪ್ಪು ವಿಮಾನ ಇಟ್ಟುಕೊಂಡು ಅಂಚುಗಳ ಲೆಕ್ಕವನ್ನೆಲ್ಲ ಮಾಡಿದ. ಒಮ್ಮೆ ಕೇಳಿದ್ದಕ್ಕೆ, "ಅಂವ ಶಾಣ್ಯಾ ಇದ್ದಾನಪ. ದೊಡ್ಡಾಂವ ಅಲ್ಲ" ಎಂದ. ನಾನು ಇಷ್ಟು ಹಾಳೆ ಬರೆದು ಹೇಳುತ್ತಿರುವುದನ್ನು ಅವನು ಅಷ್ಟರಲ್ಲೇ ಮುಗಿಸಿದ್ದ.

ನಾನು ಔರಾದಿಗೆ ಬಂದೆ, ಸಾಲಿಯಲ್ಲಿ ಗಣಿತದ ಮಾಸ್ತರನಾಗಿ. ಇಲ್ಲಿ ಖಾಯಂ ಆಗಲು ಮತ್ತೆ ಮೂರು ವರ್ಷ ಹಿಡಿಯಿತು. ಅಷ್ಟೂ ದಿನ ಭಾಲ್ಕಿಯಲ್ಲಿ ಭಾನುವಾರದ ಊಟ. ಮಾವನವರು ಮಾತು ಕಡಿಮೆ ಮಾಡಿದರು, ಶಾಂತಾ ಬಡಿಸುವುದನ್ನು ತಂಗಿಗೆ ಬಿಟ್ಟಳು. ಕೊನೆಗೆ ನಮ್ಮ ಮನೆಗೆ ಬಂದ ಮೇಲೆ ಒಂದು ದಿನ ಜೋಳದ ರೊಟ್ಟಿ ಬಡಿಯುತ್ತ, ಎಲ್ಲಾ ಕೇಳಿ ತಿಳಿದುಕೊಂಡು, "ಅಷ್ಟು ಸಲ ಬರಿಯೋ ಬದ್ಲಿ ಒಂದು ಸಲ ಬಾಯಿ ತಗದಿದ್ರ ಆಗ್ತಿತ್ತಲ್ರಿ" ಎಂದಳು.

ಉತ್ತರವನ್ನೆಲ್ಲ ನಾನು ಪದ್ಮನಾಭಯ್ಯನವರಿಗಾಗಿ ಕೂಡಿಟ್ಟಿದ್ದೆ. ಔರಾದಿನ ಸಾಲಿಗೆ ನಡೆಯುವ ದಾರಿಯಲ್ಲಿ ಎಷ್ಟೋ ವರ್ಷ ಅದನ್ನು ತಿದ್ದಿ ತಿದ್ದಿ ಹದ ಮಾಡಿದ್ದೆ. ನೀವು ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು ಪ್ರಶ್ನೆಯಲ್ಲ ಸರ. ಕೇಳಿದವನ ಕೈಯಲ್ಲಿ ನೂರು ಸಲ ಬರೆಸಿದ ಮೇಲೆ ಅದು ಪ್ರಶ್ನೆಯಾಗಿ ಉಳಿಯಲಿಲ್ಲ. ನಾನು ಹೇಡಿ, ಒಪ್ಪಿದೆ. ನನ್ನನ್ನು ಹೇಡಿ ಮಾಡಿಟ್ಟುಕೊಂಡು, ಹೇಡಿ ಎಂದು ಪತ್ರ ಬರೆದಿರಿ. ಇಷ್ಟೇ ಮಾತು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಅವರು ಸಿಕ್ಕರು. ಇಪ್ಪತ್ತು ವರ್ಷದ ಮೇಲೆ, ಭಾಲ್ಕಿ ಸ್ಟೇಷನ್ನಿನಲ್ಲಿ. ಪ್ಲಾಟ್‌ಫಾರ್ಮಿನ ಕಲ್ಲಿನ ಬೆಂಚನ್ನು ಒಬ್ಬ ಮುದುಕ ಕರವಸ್ತ್ರದಿಂದ ಒರೆಸುತ್ತಿದ್ದ, ಮೊದಲು ಕೂಡುವ ಜಾಗ, ಆಮೇಲೆ ಬೆನ್ನು. ಮುಖ ನೋಡಬೇಕಾಗಿರಲಿಲ್ಲ. ಪರಳಿಯ ವೈಜನಾಥನ ದರ್ಶನಕ್ಕೆ ಹೊರಟಿದ್ದರಂತೆ, ಗಾಡಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆಂದು ಕೆಳಗೆ ಇಳಿದಿದ್ದರು. ಮೈ ಒಣಗಿತ್ತು, ಕೊಡೆ ಹೋಗಿ ಕೋಲು ಬಂದಿತ್ತು.

ನಾನು ಎದುರು ಹೋಗಿ ನಿಂತೆ. ಬಹಳ ಹೊತ್ತು ನೋಡಿ, "ಶೀನ್" ಎಂದರು. ನನ್ನ ಹೆಸರು ಅವರಿಗೆ ನೆನಪಿರಲಿಲ್ಲ. "ಆಮೇಲೆ ಆ ಲಿಪಿ ಕಲಿತೆ ಕಣ್ರೀ ನಾನು. ಇನ್ನೇನೇನು ಬರೆದಿಟ್ಟು ಹೋಗಿದ್ದೀರೋ ನೋಡೋಣ ಅಂತ ಹಳೆಯ ಹಾಳೆಯೆಲ್ಲ ಓದಿದೆ. ಒಂದು ಕಡೆ ನನ್ನ ಕೊಡೆಯ ಬಗ್ಗೆ ಇತ್ತು."

ಅದು ತುಕಾರಾಮನ ಕೈ. ನಾನು ಹೇಳಲಿಲ್ಲ. ಎಲ್ಲಿದ್ದೀರಿ ಎಂದು ಕೇಳಿದರು, ಔರಾದಿನಲ್ಲಿ ಮಾಸ್ತರ ಎಂದೆ. "ಔರಾದು" ಎಂದು, ಆ ಹಳೆಯ ಉಸಿರನ್ನೇ ಉದ್ದಕ್ಕೆ ಬಿಟ್ಟರು. ನನ್ನ ಮೈ ಉರಿದುಹೋಯಿತು. ಇದೇ ಸಮಯ, ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಗಾಡಿ ಶಿಳ್ಳೆ ಹಾಕಿತು. ಅವರ ಕೋಲು ಹಿಡಿದುಕೊಂಡು ಡಬ್ಬಿ ಹತ್ತಿಸಿದವನೂ ನಾನೇ. ಕಿಟಕಿಯ ಹತ್ತಿರ ಕೂತು, ಮೊದಲು ಸರಳು ಒರೆಸಿ, ಆಮೇಲೆ ಹೊರಗೆ ಬಾಗಿ ನನ್ನನ್ನು ನೋಡಿದರು. ಏನೋ ಕೇಳಬೇಕೆಂದು ಇದ್ದವರ ಹಾಗೆ ತಡೆದರು. ಈ ಸಲ ಕಣ್ಣಲ್ಲಿ ಠೀವಿ ಇರಲಿಲ್ಲ, ಉತ್ತರಕ್ಕೆ ಕಾಯುವವರ ಕಣ್ಣು ಅದು.

"ಸಂದೇಹ ಏನಾದರೂ ಇದೆಯೇ?" ಎಂದು ಕೇಳಿದರು.

ನಾನು ಕಾಲು ಜೋಡಿಸಿ ನಿಂತೆ.

"ಏನಿಲ್ರಿ ಸರ" ಎಂದೆ.

ಗಾಡಿ ಹೊರಟಿತು.